ಒಂಬತ್ತು ವರ್ಷದ ಅಚ್ಚು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲರೂ ಎಂದರೆ ಯಾರು? ಭಾನುವಾರ ಫೋನ್ ಮಾಡುವ ಅಕ್ಕ, ಡಬ್ಬಗಳನ್ನು ತಂದುಕೊಡುವ ಕೊರಿಯರ್‌ನವನು, ಮತ್ತೆ ಎರಡು ವರ್ಷ ಗಂಡನಾಗಿದ್ದು ಆಮೇಲೆ ಸುಸ್ತಾಗಿ ಹೊರಟುಹೋದ ಒಬ್ಬ ಮನುಷ್ಯ. ಐವತ್ತೆರಡು ವರ್ಷಕ್ಕೆ ನನ್ನ ‘ಎಲ್ಲರೂ’ ಇಷ್ಟಕ್ಕೆ ಬಂದು ನಿಂತಿದ್ದಾರೆ.

ನನ್ನ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ನಾನು ಡಾಕ್ಟರ್ ಅಲ್ಲ. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಡಬ್ಬದಲ್ಲಿಟ್ಟು ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಸುರಿದು ವಸಡು ಮೂಡಿಸಿ, ವಸಡಿನ ಮೇಲೆ ಮೇಣ ಕಟ್ಟಿ, ಮೇಣದಲ್ಲಿ ಹಲ್ಲು ಜೋಡಿಸಿ, ಕೊನೆಗೆ ಆ ಮೇಣದ ಜಾಗಕ್ಕೆ ಗುಲಾಬಿ ಬಣ್ಣದ ಅಕ್ರಿಲಿಕ್ ತುಂಬಿ ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸ್ ಕಳಿಸುತ್ತೇನೆ. ಔಷಧಿ ಅಂಗಡಿಯ ಮೇಲೆ ಎರಡು ಕೋಣೆ. ಒಂದರಲ್ಲಿ ಕೆಲಸ, ಇನ್ನೊಂದರಲ್ಲಿ ನಾನು. ಈ ಊರಿನಲ್ಲಿ ಎಷ್ಟೋ ಜನ ನಾನು ಮಾಡಿದ ಹಲ್ಲಿನಲ್ಲಿ ನಗುತ್ತಾರೆ. ಬಸ್ಸಿನಲ್ಲಿ ಎದುರಿಗೇ ಕೂತಿದ್ದರೂ ನನಗೆ ಗೊತ್ತಾಗುವುದಿಲ್ಲ. ಅವರಿಗಂತೂ ನಾನು ಯಾರೋ.

ಕೆಲಸ ಕಲಿಸಿದವರು ಮೇಷ್ಟ್ರು. ಇಪ್ಪತ್ತೊಂದು ವರ್ಷ ಒಂದೇ ಮೇಜಿನ ಆ ಕಡೆ ಅವರು, ಈ ಕಡೆ ನಾನು. ನನ್ನನ್ನು ‘ಸಿಡುಕಿ’ ಎಂದೇ ಕರೆಯುತ್ತಿದ್ದರು. ಕೆಲಸ ಕಲಿಸಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಬದುಕುವುದನ್ನೂ ಕಲಿಸುವ ಚಾಳಿ ಅವರಿಗೆ. ನಾನು ಕಿಟಕಿಯ ಹತ್ತಿರ ನಿಂತೇ ಬ್ರೆಡ್ಡು ತಿನ್ನುತ್ತಿದ್ದರೆ, “ಕುದುರೆ ನಿಂತ್ಕೊಂಡು ತಿನ್ನುತ್ತೆ. ನೀನು ಕೂತ್ಕೊಳ್ಳಮ್ಮಾ” ಎನ್ನುವರು. ಕೋಪ ಬಂದ ದಿನ ಕೈಯಿಂದ ಮೇಣದ ಚಾಕು ಕಿತ್ತುಕೊಂಡು, “ಇವತ್ತು ಪ್ಲಾಸ್ಟರ್ ಉಜ್ಜು. ಮೇಣ ನಿನ್ನ ಕೋಪಾನ ಹಾಗೇ ಹಿಡ್ಕೊಳ್ಳುತ್ತೆ, ಪಾಪ ಯಾರೋ ಅದನ್ನ ಬಾಯಲ್ಲಿಟ್ಕೊಂಡು ಓಡಾಡಬೇಕು” ಎನ್ನುವರು. ಸಂಜೆ ಐದಕ್ಕೆ ಬೆಂಕಿ ಬಿದ್ದರೂ ಕೆಲಸ ನಿಲ್ಲಬೇಕು. ದಿನಕ್ಕೆ ಒಬ್ಬರ ಹತ್ತಿರವಾದರೂ ಕೆಲಸದ್ದಲ್ಲದ ಮಾತು ಆಡಬೇಕು. “ನಿನ್ನೆ ಯಾರ ಹತ್ರ ಮಾತಾಡಿದೆ?” ಎಂದು ಮಾರನೇ ದಿನ ಕೇಳುವರು, ಶಾಲೆಯಲ್ಲಿ ಮನೆಪಾಠ ಕೇಳುವ ಹಾಗೆ. ನಾನು ಸುಳ್ಳು ಹೇಳುತ್ತಿದ್ದೆ.

ಎಲ್ಲಕ್ಕಿಂತ ದೊಡ್ಡ ಪಾಠ ಒಂದಿತ್ತು: ಬಾಯಿ ನೋಡದೆ ಹಲ್ಲು ಮಾಡಬೇಡ. ಡಬ್ಬ ಬಂದರೆ ಅವರು ಕೋಟು ಹಾಕಿಕೊಂಡು ಡಾಕ್ಟರ ಹತ್ತಿರ ಹೋಗಿ, ರೋಗಿಯನ್ನು ಕರೆಸಿ, ಅರ್ಧ ಗಂಟೆ ಹರಟೆ ಹೊಡೆದು ಬರುತ್ತಿದ್ದರು. “ಬಾಯಿ ಎಷ್ಟಿದೆ ಅಂತ ಅಚ್ಚು ಹೇಳುತ್ತೆ. ಆ ಮನುಷ್ಯ ಹೇಗೆ ನಗ್ತಾನೆ ಅಂತ ಹೇಳಲ್ಲ. ಬಾಯಿ ದಿನಾ ಬದಲಾಗೋ ವಸ್ತು. ಹೋಗಿ ನೋಡ್ಬೇಕು.” ಅವರು ಹರಟೆ ಮುಗಿಸಿ ಬರುವಷ್ಟರಲ್ಲಿ ನಾನು ಇನ್ನೆರಡು ಸೆಟ್ಟಿಗೆ ಮೇಣ ಕಟ್ಟಿರುತ್ತಿದ್ದೆ.

ನಾಲ್ಕು ವರ್ಷದ ಹಿಂದೆ ಅದೇ ವಿಷಯಕ್ಕೆ ಜಗಳವಾಯಿತು. ಒಬ್ಬ ಹೆಂಗಸಿನ ಸೆಟ್ಟನ್ನು ಮೇಷ್ಟ್ರು ಒಂದು ವಾರ ಹಾಗೇ ಇಟ್ಟುಕೊಂಡರು. ಅವಳಿಗೆ ಜ್ವರ, ಬರಲಾಗಿರಲಿಲ್ಲ. ಬಾಯಿ ನೋಡದೆ ಇವರು ಮಾಡುವುದಿಲ್ಲ. ಆ ಡಾಕ್ಟರ್ ರೇಗಿ ಕೆಲಸವನ್ನು ಬೇರೆ ಕಡೆಗೆ ಕೊಟ್ಟುಬಿಟ್ಟರು. ನಾನು ಬಾಯಿಗೆ ಬಂದಂತೆ ಬೈದೆ. ಏನೇನು ಅಂದೆ ಎಂಬುದು ಅಕ್ಷರ ಅಕ್ಷರ ನೆನಪಿದೆ, ಆದರೆ ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ: “ನಿಮ್ಮ ಕಾಲ ಮುಗೀತು ಮೇಷ್ಟ್ರೇ. ಮನೇಲಿ ಕೂತ್ಕೊಳ್ಳಿ.” ಏಪ್ರನ್ ಬಿಚ್ಚಿ ಮೊಳೆಗೆ ತಗುಲಿಸಿ ಮೆಟ್ಟಿಲು ಇಳಿದು ಹೋದರು. ಅದು ಶನಿವಾರ. ಸೋಮವಾರ ಬಂದೇ ಬರುತ್ತಾರೆ, ಎಲ್ಲಿ ಹೋಗುತ್ತಾರೆ ಎಂದುಕೊಂಡೆ. ನಾನು ಬಂದು ಕರೆಯುತ್ತೇನೆ ಎಂದು ಅವರು ಅಂದುಕೊಂಡಿರಬೇಕು. ಎಷ್ಟು ಸೋಮವಾರಗಳು ಹೋದವೋ.

ಆಮೇಲೆ ಕೆಲಸ ಚುರುಕಾಗಿ ನಡೆಯಿತು. ಡಬ್ಬ ಬರುತ್ತದೆ, ಡಬ್ಬ ಹೋಗುತ್ತದೆ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ನನ್ನ ದನಿಯನ್ನು ನಾನೇ ಕೇಳಿರುವುದಿಲ್ಲ. ಒಮ್ಮೆ ಬೆರಳು ಸುಟ್ಟುಕೊಂಡು “ಅಯ್ಯೋ” ಎಂದಾಗ ದನಿ ಒಡೆದಿತ್ತು, ಯಾರೋ ಒಳಗಿದ್ದಾರೇನೋ ಎಂದು ತಿರುಗಿ ನೋಡಿದೆ. ನಗು ಬಂತು. ಆಮೇಲೆ ಬರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಹೆಂಡತಿ ತೀರಿಕೊಂಡ ಮೇಲೆ ಮೇಷ್ಟ್ರು ಒಂದು ಬಾಡಿಗೆ ಕೋಣೆಯಲ್ಲಿದ್ದರು. ಆರು ಕೋಣೆ, ಆರು ಬಾಡಿಗೆದಾರರು, ಕೆಳಗೆ ಎಲ್ಲರಿಗೂ ಒಂದೇ ಊಟದ ಮೇಜು. ಫೋನ್ ಮಾಡಿದ್ದು ಆ ಮನೆಯ ಒಡತಿ.

“ನಿಮ್ಮ ಮೇಷ್ಟ್ರು ಊಟಕ್ಕೆ ಕೆಳಗಿಳಿದು ಹದಿನಾರು ದಿನ ಆಯ್ತು ಕಣ್ರೀ. ಹಲ್ಲಿನ ಸೆಟ್ಟು ಬಚ್ಚಲಲ್ಲಿ ಬಿದ್ದು ಎರಡು ಹೋಳು. ತಾವೇ ಜೋಡಿಸ್ತೀನಿ ಅಂತ ಕೂತ್ರು. ಕೈ ನಡುಗುತ್ತಲ್ಲಾ, ಇನ್ನೂ ಹಾಳಾಯ್ತು. ಈಗ ಬಾಗಿಲು ಹಾಕ್ಕೊಂಡು ಕೂತಿದ್ದಾರೆ. ಬೊಚ್ಚು ಬಾಯಿ ಯಾರಿಗೂ ತೋರಿಸಲ್ಲ ಅಂತಾರೆ. ಬರೀ ಹಾಲು. ಬಟ್ಟೆ ಒಳಗೆ ಮನುಷ್ಯ ಇದ್ದಾರೋ ಇಲ್ವೋ ಅನ್ನೋ ಹಾಗಾಗಿದ್ದಾರೆ. ಡಾಕ್ಟ್ರು ಇನ್ನೊಂದು ಹತ್ತು ದಿನ ನೋಡಿ ಆಸ್ಪತ್ರೆಗೆ ಸೇರಿಸ್ತೀನಿ, ಮೂಗಿಗೆ ನಳಿಗೆ ಹಾಕ್ತೀನಿ ಅಂದಿದ್ದಾರೆ. ಈ ವಯಸ್ಸಲ್ಲಿ ಹಾಗೆ ಹೋದವರು ವಾಪಸ್ ಬರ್ತಾರಾ?”

“ಬೇರೆ ಕಡೆ ಮಾಡಿಸಬಹುದಲ್ಲ” ಎಂದೆ. ನನ್ನ ನಾಲಿಗೆಗೆ ಹುಳ ಬೀಳಲಿ.

“ಬೇರೆಯವರ ಹಲ್ಲು ನನ್ನ ಬಾಯಿಗೆ ಬೇಡ ಅಂತಾರೆ. ನಿಮಗೆ ಫೋನ್ ಮಾಡ್ಲಾ ಅಂದ್ರೆ ಅದೂ ಬೇಡ ಅಂತಾರೆ. ನಾನೇ ಕದ್ದು ಮಾಡ್ತಿದ್ದೀನಿ. ನೋಡಮ್ಮ, ನಿನ್ನಿಷ್ಟ.”

ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾಡಬೇಕೆಂದರೆ ಹೋಗಬೇಕು, ಎದುರಿಗೆ ಕೂರಬೇಕು, ಬಾಯಿ ತೆಗೆಸಬೇಕು. ಅವರು ನನ್ನ ಮುಖ ನೋಡುತ್ತಾರೆ. ನನಗೆ ಆಗಲಿಲ್ಲ. ಒಲೆಯ ಮೇಲಿನ ಕಪಾಟಿನಲ್ಲಿ ಹಳೆಯ ಪ್ಲಾಸ್ಟರ್ ಅಚ್ಚುಗಳಿರುತ್ತವೆ. ಅದರಲ್ಲಿ ಮೇಷ್ಟ್ರದೂ ಇತ್ತು. ಮುರಿದುಹೋದ ಆ ಸೆಟ್ಟನ್ನು ನಾನೇ ಮಾಡಿದ್ದು, ಅದೇ ಅಚ್ಚಿನ ಮೇಲೆ, ಒಂಬತ್ತು ವರ್ಷದ ಹಿಂದೆ. ತಳದಲ್ಲಿ ಅವರದೇ ಕೈಬರಹದಲ್ಲಿ ತಾರೀಖಿತ್ತು. ಧೂಳು ಊದಿ ಇಳಿಸಿಕೊಂಡೆ. ಹಳೆ ಸೆಟ್ಟು ಮೊನ್ನೆಯವರೆಗೂ ಹಾಕುತ್ತಿದ್ದರಲ್ಲ, ಅದೇ ಅಳತೆಗೆ ಇನ್ನೊಂದು ಮಾಡಿದರಾಯಿತು, ಕೊರಿಯರಿನಲ್ಲಿ ಕಳಿಸಿದರಾಯಿತು ಎಂದು ನನ್ನನ್ನು ನಾನೇ ಪುಸಲಾಯಿಸಿಕೊಂಡೆ.

ಮೂರು ದಿನ ಬೇರೆ ಏನೂ ಮುಟ್ಟಲಿಲ್ಲ. ಅಷ್ಟು ಚೆನ್ನಾದ ಸೆಟ್ಟನ್ನು ನಾನು ಅದುವರೆಗೆ ಮಾಡಿರಲಿಲ್ಲ. ಕೊರಿಯರ್‌ನವನಿಗೆ ಕೊಡಲು ಮನಸ್ಸು ಬರದೆ ನಾನೇ ತೆಗೆದುಕೊಂಡು ಹೋದೆ. ಬಾಗಿಲಲ್ಲೇ ಕೊಟ್ಟು ಓಡಿಬರುವ ಲೆಕ್ಕ. ಒಡತಿ ಬಿಡಬೇಕಲ್ಲ! ದಪ್ಪ ಕೈ, ಗಟ್ಟಿ ಹಿಡಿತ. ಮಣಿಕಟ್ಟು ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋದಳು. ಡಬ್ಬವನ್ನು ತಾನೇ ಮೇಲೆ ಒಯ್ದು ಕೊಟ್ಟು ಬಂದಳು. “ನೋಡ್ತಾ ಇರು, ಇವತ್ತು ಇಳೀತಾರೆ” ಎಂದಳು.

ಇಳಿದರು. ಅಡಿಗೆಮನೆಯ ಬಾಗಿಲ ಸಂದಿಯಿಂದ ನೋಡಿದೆ. ಬಿಳಿ ಅಂಗಿ, ಬಾಚಿದ ಕೂದಲು, ಕಾಲರಿನೊಳಗೆ ಕುತ್ತಿಗೆ ಆ ಕಡೆ ಈ ಕಡೆ ಓಡಾಡುವಷ್ಟು ಸಡಿಲ. ಮೇಜಿನಲ್ಲಿ ನರ್ಸು ಕೆಲಸ ಮಾಡುವ ಹುಡುಗಿ, ಬಸ್ ಕಂಡಕ್ಟರು, ಇನ್ನಿಬ್ಬರು ಇದ್ದರು. ಎಲ್ಲರೂ ಎದ್ದು ಜಾಗ ಮಾಡಿದರು. “ಬನ್ನಿ ಬನ್ನಿ, ನೀವಿಲ್ದೆ ಊಟಕ್ಕೆ ರುಚೀನೇ ಇರ್ಲಿಲ್ಲ” ಎಂದ ಕಂಡಕ್ಟರು. ಮೇಷ್ಟ್ರು ಉತ್ತರ ಕೊಡಲು ಬಾಯಿ ತೆರೆದರು. ಮೇಲಿನ ಸೆಟ್ಟು ಅಂಗುಳ ಬಿಟ್ಟು ಜಾರಿ, ಸೂಪಿನ ಬಟ್ಟಲ ಅಂಚಿಗೆ ಬಡಿದು, ತಟ್ಟೆಯೊಳಗೆ ಬಿತ್ತು.

ಯಾರೂ ನಗಲಿಲ್ಲ. ನಕ್ಕಿದ್ದರೂ ಇಷ್ಟು ಕೆಟ್ಟದಾಗಿರುತ್ತಿರಲಿಲ್ಲ. ನರ್ಸು ಹುಡುಗಿ ಕಿಟಕಿ ಕಡೆ ನೋಡಿದಳು. ಕಂಡಕ್ಟರು ಬ್ರೆಡ್ಡು ಮುರಿಯುತ್ತಲೇ ಇದ್ದ, ತಿನ್ನಲಿಲ್ಲ. ಮೇಷ್ಟ್ರು ಸೆಟ್ಟನ್ನು ಎತ್ತಿ ಕರವಸ್ತ್ರದಲ್ಲಿ ಸುತ್ತಿ, ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದಾ ಅನ್ನಿಸಿತು.

ಹಿಂದೆಯೇ ಹತ್ತಿದೆ. ಬಾಗಿಲು ತೆರೆದೇ ಇತ್ತು. ಚಿಕ್ಕ ಕೋಣೆ: ಮಂಚ, ಕುರ್ಚಿ, ಮುಖ ತೊಳೆಯುವ ಬೇಸಿನ್ನು, ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ. ಅವರು ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಕೂತಿದ್ದರು. ಕರವಸ್ತ್ರ ಬಾಯಿಗೆ ಅಡ್ಡ. ತಿರುಗದೆಯೇ ಕೇಳಿದರು. ಹಲ್ಲಿಲ್ಲದ ಬಾಯಿಯ ಮಾತು, ಆದರೂ ತಿಳಿಯಿತು.

“ಎಷ್ಟು ವರ್ಷದ ಅಚ್ಚು?”

“ಒಂಬತ್ತು.”

“ಒಂಬತ್ತು ವರ್ಷದಲ್ಲಿ ನಾನು ಏನೇನು ಕಳ್ಕೊಂಡೆ ಅಂತ ಗೊತ್ತಾ ನಿನಗೆ? ವಸಡು ಸವೆದು ಅರ್ಧ ಆಗಿದೆ. ಹಳೇ ಸೆಟ್ಟಿಗೆ ನಾನೇ ವರ್ಷ ವರ್ಷ ಒಳಗಡೆ ಪದರ ಕೊಟ್ಕೊಂಡು ಹಾಕ್ತಾ ಇದ್ದೆ. ನೀನು ಬಂದಿದ್ರೆ ಗೊತ್ತಾಗಿರೋದು.” ಕರವಸ್ತ್ರವನ್ನು ಇನ್ನಷ್ಟು ಒತ್ತಿ ಹಿಡಿದರು. “ನೀನು ಮಾಡಿದ್ದು ಆಗಿನ ಮನುಷ್ಯನಿಗೆ ಕಣೇ. ಅವನು ಇಲ್ಲ ಈಗ.”

“ಹೆದರಿಕೆ ಆಯ್ತು ಮೇಷ್ಟ್ರೇ” ಎಂದೆ. “ನಿಮ್ಮ ಮುಖ ನೋಡೋಕೆ ಹೆದರಿಕೆ.”

“ಹೋಗು” ಎಂದರು.

ಬಂದೆ. ಕೆಳಗೆ ಒಡತಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. “ಏನಂದ್ರು?”

“ಹೋಗು ಅಂದ್ರು.”

“ಹೋಗು ಅಂದ್ರೆ ಹೋಗಿಬಿಡೋದಾ? ನನ್ನ ಗಂಡ ಮೂವತ್ತು ವರ್ಷ ದಿನಾ ಹೋಗು ಅಂದ, ನಾನು ಹೋದ್ನಾ? ಓದಿದವರಿಗೆ ಇಷ್ಟೂ ತಿಳಿಯಲ್ವಲ್ಲಾ ಶಿವನೇ!” ಎಂದು ಹಣೆ ಚಚ್ಚಿಕೊಂಡಳು.

ಮಾರನೇ ದಿನ ಬೆಳಿಗ್ಗೆ ಟ್ರೇ, ರಬ್ಬರ್ ಬಟ್ಟಲು, ಅಚ್ಚಿನ ಪುಡಿ ಎಲ್ಲ ಚೀಲಕ್ಕೆ ತುಂಬಿಕೊಂಡು ಹೋದೆ. ಅವರು ಗೋಡೆಯ ಕಡೆಗೇ ತಿರುಗಿ ಮಲಗಿದ್ದರು. ನಾನು ಮಾತಾಡಿಸಲಿಲ್ಲ. ಮಾತಾಡಿದರೆ ನಾನು ಏನಾದರೊಂದು ಕೆಡಿಸುತ್ತೇನೆ. ಬೇಸಿನ್ನಿನಲ್ಲಿ ಕೈ ತೊಳೆದು, ಪುಡಿ ಬಟ್ಟಲಿಗೆ ಹಾಕಿ, ನೀರು ಸುರಿದು ಕಲಸತೊಡಗಿದೆ. ಈ ಪುಡಿಗೆ ನೀರು ಬಿದ್ದರೆ ಎರಡೇ ನಿಮಿಷ. ಅಷ್ಟರಲ್ಲಿ ಬಾಯೊಳಗೆ ಹೋಗದಿದ್ದರೆ ಗಟ್ಟಿಯಾಗಿ ಕಸಕ್ಕೆ ಹೋಗುತ್ತದೆ.

“ಕಲಸಿದ್ದೀನಿ ಮೇಷ್ಟ್ರೇ.”

ಗಟ್ಟಿಯಾಯಿತು. ಬಟ್ಟಲಿನಿಂದ ಕಿತ್ತು ಬಿಸಾಕಿದೆ. ಮತ್ತೆ ಕಲಸಿದೆ. ಅದೂ ಗಟ್ಟಿಯಾಯಿತು. ಅದನ್ನೂ ಬಿಸಾಕಿದೆ. ಎರಡನೆಯದು ಬುಟ್ಟಿಗೆ ಬಿದ್ದ ಸದ್ದಿಗೆ ಅವರ ಭುಜ ಸಣ್ಣಗೆ ಅಲುಗಿದ್ದು ಕಂಡಿತು. ಒಂದು ಚಿಟಿಕೆ ಪುಡಿ ಚೆಲ್ಲಿದರೂ ಊಟ ಸೇರದ ಮನುಷ್ಯ ಅದು. ಮೂರನೆಯದಕ್ಕೆ ನೀರು ಸುರಿಯುವಾಗ ನನಗೆ ಅಳು ಬಂದಿತ್ತು, ಕಣ್ಣು ಮಂಜಾಗಿ ಜಾಸ್ತಿ ಬಿತ್ತು. ಚಮಚದ ಸದ್ದೇ ಬದಲಾಯಿತು.

“ನೀರು ಜಾಸ್ತಿ ಆಯ್ತು!” ಎಂದು ಮೇಷ್ಟ್ರು ಗೋಡೆಗೆ ಹೇಳಿದರು.

“ಇಲ್ಲ, ಸರಿಯಾಗಿದೆ.”

“ಏನು ಸರಿಯಾಗಿದೆ? ಕಿವುಡನಾ ನಾನು? ಇಪ್ಪತ್ತೈದು ವರ್ಷ ಆಯ್ತು, ಇನ್ನೂ ಕಲಸೋಕೆ ಬರಲ್ಲ!” ಎದ್ದು ಕೂತೇಬಿಟ್ಟರು. ತಿರುಗಿದರು. ಮುಖ ಕಂಡಿತು. ತುಟಿಗಳು ಒಳಕ್ಕೆ ಹೋಗಿ, ಮೂಗು ಗದ್ದದ ಹತ್ತಿರ ಬಂದು, ಅವರ ಅಪ್ಪನ ಮುಖವೋ ಅಜ್ಜನ ಮುಖವೋ ಎನ್ನುವಂತಾಗಿತ್ತು. ನಾನು ನೋಡುತ್ತಿದ್ದೇನೆ ಎಂದು ಅವರಿಗೆ ಗೊತ್ತಾಯಿತು. ಕೈ ಬಾಯಿಯ ಕಡೆ ಹೋಗಿ, ಅರ್ಧದಲ್ಲಿ ನಿಂತು, ಇಳಿಯಿತು. “ಇನ್ನೊಂದು ಕಲಸು” ಎಂದರು. “ಅಳಬೇಡ. ಅಳ್ತಾ ಅಳತೆ ಹೇಗೆ ಸಿಗುತ್ತೆ?”

ನಾಲ್ಕನೆಯದು ಸರಿಯಾಗಿ ಬಂತು. ಕುರ್ಚಿಯ ಮೇಲೆ ಕೂರಿಸಿ, ಹಿಂದೆ ನಿಂತು, ಟ್ರೇ ಒಳಗಿಟ್ಟು, ಎರಡು ಬೆರಳಿನಿಂದ ಒತ್ತಿ ಹಿಡಿದೆ. ಅಲುಗಬಾರದು. ಅವರ ತಲೆಯನ್ನು ನನ್ನ ಹೊಟ್ಟೆಗೆ ಆನಿಸಿಕೊಂಡೆ. ನಾನು ಸಾವಿರಾರು ಬಾಯಿಗೆ ಹಲ್ಲು ಮಾಡಿದ್ದೇನೆ, ಬದುಕಿರುವ ಬಾಯೊಳಗೆ ಬೆರಳಿಟ್ಟು ಎಷ್ಟು ವರ್ಷವಾಗಿತ್ತೋ. ಬೆಚ್ಚಗಿತ್ತು. ಮೇಲಿನದು ಮುಗಿಸಿ ಕೆಳಗಿನದಕ್ಕೆ ಬಂದೆ; ಆ ದವಡೆಯ ವಸಡು ಚಾಕುವಿನ ಬೆನ್ನಿನಷ್ಟು ತೆಳ್ಳಗಾಗಿತ್ತು. ಅದರ ಮೇಲೆ ಬೆರಳಾಡಿಸುವಾಗ, ಈ ಮನುಷ್ಯ ಇಷ್ಟೂ ದಿನ ಸ್ವಲ್ಪ ಸ್ವಲ್ಪವೇ ಕರಗುತ್ತಿದ್ದಾಗ ನಾನು ಬಸ್ಸಿನಲ್ಲಿ ಹತ್ತು ನಿಮಿಷ ದೂರದಲ್ಲಿದ್ದೆ ಎಂದು ಹೊಳೆಯಿತು. ಅವರು ಮೂಗಿನಿಂದ ಉಸಿರಾಡುತ್ತಿದ್ದರು. ನಾನು ಯಾರನ್ನಾದರೂ ಹೀಗೆ ಹಿಡಿದುಕೊಂಡು ವರ್ಷಗಳಾಗಿದ್ದವು. ಅಚ್ಚು ಗಟ್ಟಿಯಾದ ಮೇಲೂ ಒಂದರ್ಧ ನಿಮಿಷ ಹೆಚ್ಚಿಗೆ ಹಿಡಿದಿದ್ದೆ. ಅವರಿಗೆ ಗೊತ್ತಾಗದೆ ಇರುತ್ತದೆಯೇ, ತಲೆಯನ್ನು ಹಾಗೇ ಆನಿಸಿಕೊಂಡಿದ್ದರು.

ಎರಡು ದಿನ ಬಿಟ್ಟು ಮೇಣದ ಸೆಟ್ಟು ತೆಗೆದುಕೊಂಡು ಹೋದೆ. ಅಕ್ರಿಲಿಕ್ ತುಂಬುವ ಮೊದಲು ಮೇಣದಲ್ಲೇ ಬಾಯಿಗಿಟ್ಟು ನೋಡುವ ಪದ್ಧತಿ. ಮೇಷ್ಟ್ರು ಕನ್ನಡಿ ಹಿಡಿದು ನೋಡಿ ಮುಖ ಸಿಂಡರಿಸಿದರು.

“ಇದೇನು ಇದು, ಸಿಪಾಯಿಗಳ ಸಾಲಾ? ಯಾವ ಮುದುಕನ ಹಲ್ಲು ಇಷ್ಟು ನೆಟ್ಟಗಿರುತ್ತೆ? ಈ ಪಕ್ಕದ್ದನ್ನ ಒಂಚೂರು ತಿರುಗಿಸು. ಇನ್ನೂ. ಹೂಂ, ಸಾಕು. ನೀನು ಎಲ್ಲಾದನ್ನೂ ಸರಿ ಮಾಡೋಕೆ ಹೋಗ್ತೀಯ, ಅದೇ ನಿನ್ನ ಕಾಯಿಲೆ. ಸರಿ ಇಲ್ಲದ ಜನರ ಜೊತೆ ಇರೋದು ಕಲಿ. ಬೇರೆ ಥರದವರು ಎಲ್ಲೂ ತಯಾರಾಗಲ್ಲ.”

“ನೀವೇನು ಕಡಿಮೆನಾ? ನಾಲ್ಕು ವರ್ಷ ಒಂದು ಫೋನ್ ಮಾಡಿದ್ರಾ?”

“ಮಾಡಬೇಕಿತ್ತು” ಎಂದರು. “ನಿನಗೆ ಊರಿಗಾಗುವಷ್ಟು ಹೇಳಿಕೊಟ್ಟೆ, ನಾನು ಅದ್ರಲ್ಲಿ ಅರ್ಧಾನೂ ಮಾಡ್ಲಿಲ್ಲ.” ಆಮೇಲೆ ಕನ್ನಡಿಯನ್ನು ಮಗುಚಿ ಇಟ್ಟರು.

ಶುಕ್ರವಾರ ಸೆಟ್ಟು ಮುಗಿಯಿತು. ಡಾಕ್ಟರು ಕೊಟ್ಟ ಹತ್ತು ದಿನದಲ್ಲಿ ಇನ್ನೊಂದೇ ದಿನ ಉಳಿದಿತ್ತು. ಮಧ್ಯಾಹ್ನ ಒಂದಕ್ಕೆ ಮೇಷ್ಟ್ರು ಕೆಳಗಿಳಿದರು. ಈ ಸಲ ಯಾರೂ ಎದ್ದು ನಿಲ್ಲಲಿಲ್ಲ, ಯಾರೂ ಬನ್ನಿ ಎನ್ನಲಿಲ್ಲ. ಎಲ್ಲರೂ ತಟ್ಟೆ ನೋಡುತ್ತ ಕೂತಿದ್ದರು. ನನ್ನನ್ನು ಒಡತಿ ಅವರ ಪಕ್ಕದ ಕುರ್ಚಿಗೆ ದಬ್ಬಿದಳು. ಮೇಷ್ಟ್ರು ಬ್ರೆಡ್ಡಿನ ಅಂಚು ಮುರಿದು ಬಾಯಿಗಿಟ್ಟು, ಎರಡೂ ಕಡೆ ಸಮವಾಗಿ, ನಿಧಾನವಾಗಿ ಅಗಿದರು. ನುಂಗಿದರು. ಸೂಪು ಕುಡಿದರು. ಆಮೇಲೆ ಕಂಡಕ್ಟರ ಕಡೆ ತಿರುಗಿ ಹಲ್ಲೆಲ್ಲ ಕಾಣುವ ಹಾಗೆ, “ಏನಪ್ಪಾ, ಉಪ್ಪು ಕೊಡ್ತೀಯೋ, ಅದಕ್ಕೂ ಟಿಕೆಟ್ ತಗೋಬೇಕೋ?” ಎಂದರು. ಇಡೀ ಮೇಜು ಹೋ ಎಂದು ನಕ್ಕಿತು. ನರ್ಸು ಹುಡುಗಿ ನಗುತ್ತಲೇ ಕಣ್ಣೊರೆಸಿಕೊಂಡಳು. ಒಡತಿ ಅಡಿಗೆಮನೆಗೆ ಹೋಗಿ ಪಾತ್ರೆಗಳನ್ನು ಸುಮ್ಮಸುಮ್ಮನೆ ಕುಟ್ಟಿದಳು.

ಎಲ್ಲರಿಗೂ ಕೆಲಸವಿತ್ತು. ಒಬ್ಬೊಬ್ಬರಾಗಿ ಎದ್ದು ಹೋದರು. ಹೊಸ ಸೆಟ್ಟಿನಲ್ಲಿ ಊಟ ನಿಧಾನ. ಕೊನೆಗೆ ಆ ಉದ್ದದ ಮೇಜಿನಲ್ಲಿ ನಾವಿಬ್ಬರೇ ಉಳಿದೆವು. ಬೇಯಿಸಿದ ತರಕಾರಿ, ಎರಡು ಚೂರು ಬ್ರೆಡ್ಡು, ತೆಳ್ಳಗೆ ಹೆಚ್ಚಿದ ಅರ್ಧ ಸೇಬು, ಎಲ್ಲ ಖಾಲಿಯಾಗುವಷ್ಟರಲ್ಲಿ ಒಂದೂಕಾಲು ಗಂಟೆ ಹಿಡಿಯಿತು. ಅಲ್ಲಿ ನನ್ನ ಕೆಲಸದ ಮೇಜಿನ ಮೇಲೆ ಆರು ಡಬ್ಬಗಳು ಕಾಯುತ್ತಿದ್ದವು. ಕಾಯಲಿ. ಆದರೆ ಊಟ ಮುಗಿದ ಮೇಲೆ ಕೂರಲು ಕಾರಣವಿರಲಿಲ್ಲ. ಕಾರಣವಿಲ್ಲದೆ ಕೂರುವುದು ನನಗೆ ಗೊತ್ತಿಲ್ಲ. ಚೀಲ ತೆಗೆದುಕೊಂಡು ಎದ್ದೆ.

“ಸರಿ ಮೇಷ್ಟ್ರೇ, ಚೆನ್ನಾಗಿ ಕೂತಿದೆ. ಇನ್ನು ನಾನು ಬರಬೇಕಾಗಿಲ್ಲ.”

ಅಯ್ಯೋ, ಯಾಕೆ ಹಾಗಂದೆನೋ! ಬಾ ಎನ್ನಲಿ ಎಂದು ಒಳಗೆ ಪ್ರಾಣ ಬಿಡುತ್ತಿದ್ದೆ. ಅವರು ಖಾಲಿ ತಟ್ಟೆಯನ್ನು ನೋಡಿದರು. ಕಿಟಕಿ ನೋಡಿದರು. ಆಮೇಲೆ ಎಡ ದವಡೆಯ ಮೇಲೆ ಬೆರಳಿಟ್ಟು, “ಇಲ್ಲಿ ಒತ್ತುತ್ತಾ ಇದೆ” ಎಂದರು.

ಟಾರ್ಚ್ ತೆಗೆದೆ. ಕೆಳಗಿನ ಸೆಟ್ಟು ಬಿಚ್ಚಿ ನೋಡಿದೆ. ಏನೂ ಇರಲಿಲ್ಲ. ಕೆಂಪಿಲ್ಲ, ಗೆರೆಯಿಲ್ಲ. ಬೆರಳಿನಿಂದ ಒತ್ತಿದೆ, ಒತ್ತಿದ್ದೇ ಗೊತ್ತಾಗದವರ ಹಾಗೆ ಕೂತಿದ್ದರು. ಹೊಸ ಸೆಟ್ಟು ಒಂದು ಗಂಟೆಯಲ್ಲಿ ಹುಣ್ಣು ಮಾಡುವುದಿಲ್ಲ, ಇದನ್ನು ನನಗೆ ಹೇಳಿಕೊಟ್ಟವರೇ ಅವರು. ಬಾಯಿಯ ವಿಷಯದಲ್ಲಿ ಸುಳ್ಳು ಹೇಳಿದ ಎಂದು ಒಬ್ಬ ಡಾಕ್ಟರನ್ನೇ ಹೊರಗೆ ಕಳಿಸಿದ್ದ ಮನುಷ್ಯ ಈಗ ಬಾಯಿ ತೆರೆದುಕೊಂಡು, ಸೂರು ನೋಡುತ್ತ, ನಾನು ಏನು ಹೇಳುತ್ತೇನೋ ಎಂದು ಕಾಯುತ್ತಿದ್ದರು. ಟಾರ್ಚಿನ ಬೆಳಕಿನಲ್ಲಿ ಅವರ ಕಣ್ಣಂಚು ಒದ್ದೆಯಾಗಿದ್ದು ಕಂಡಿತು.

“ಹೌದು ಮೇಷ್ಟ್ರೇ, ಕೆಂಪಾಗಿದೆ” ಎಂದೆ. “ಒಂದೇ ಸಲ ಉಜ್ಜಿದ್ರೆ ಸಡಿಲ ಆಗಿಬಿಡುತ್ತೆ. ದಿನಾ ಬಂದು ಸ್ವಲ್ಪ ಸ್ವಲ್ಪಾನೇ ಉಜ್ಜಬೇಕು.”

“ಎಷ್ಟು ದಿನ ಆಗಬಹುದು?”

“ಹೇಳೋಕಾಗಲ್ಲ” ಎಂದೆ. “ತುಂಬಾ ದಿನ ಹಿಡಿಯುತ್ತೆ.”